ಐದಕ್ಕೆ ಮೂರು

ಮಧುಮತಿ ಮೇಡಂಗೆ ನಾನು ಐದಕ್ಕೆ ಮೂರು ಕೊಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಡೀನ್ ಸಾಹೇಬರನ್ನು ಬೈಯುತ್ತೇನೆ, ನಂದಕುಮಾರ್ ಸಾರನ್ನು ಬೈಯುತ್ತೇನೆ, ಫೋನಿನಲ್ಲಿ ಬಂದ ಆ ಹಾಳು ಫಾರಮ್ಮನ್ನೂ ಬೈಯುತ್ತೇನೆ. ಅದನ್ನೆಲ್ಲ ಓದಿ ಇವನೊಬ್ಬ ಸಾಚಾ ಮನುಷ್ಯ ಅಂತ ಯಾರೂ ಅಂದುಕೊಳ್ಳಬಾರದು.

ನಾನು ಅರೆಕೆರೆಯವನು, ರವಿಕಿರಣ್. ನಮ್ಮ ತಾತ ರಾಗಿ ಬೆಳೆದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಬಾಡಿಗೆ ಮನೆಗಳಿವೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ, ಪಿಯುಸಿಯನ್ನು ಹೇಗೋ ದಾಟಿ, ಜೆ.ಪಿ. ನಗರದ ಈ ಕಾಲೇಜಿಗೆ ಬಿ.ಎ. ಸೇರಿದಾಗ ಮೊದಲ ಟೆಸ್ಟಿನಲ್ಲಿ ಅರ್ಥಶಾಸ್ತ್ರಕ್ಕೆ ಇಪ್ಪತ್ತಕ್ಕೆ ಎರಡು ಬಂದಿತ್ತು. ಪ್ರಶ್ನೆಯೇ ಅರ್ಥವಾಗಿರಲಿಲ್ಲ. ಆ ಪೇಪರನ್ನು ಹಿಡಿದುಕೊಂಡು ಮಧುಮತಿ ಮೇಡಂ ನನ್ನ ಬೆಂಚಿನ ಹತ್ತಿರ ಬಂದು, "ನಾಳೆಯಿಂದ ಏಳೂಮುಕ್ಕಾಲಿಗೆ ಬಾ" ಅಂದರು. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಏಳೂಮುಕ್ಕಾಲರ ಕ್ಲಾಸು ಅಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಎಂಟೂವರೆಗೆ ಕಾಲೇಜು ಶುರುವಾಗುವ ಮುಂಚೆ, ಕನ್ನಡ ಮೀಡಿಯಂನಿಂದ ಬಂದ ಮಕ್ಕಳನ್ನು ಕೂರಿಸಿಕೊಂಡು ಮೇಡಂ ಇಂಗ್ಲಿಷ್ ಪುಸ್ತಕವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. "ಅವರೆಕಾಯಿ ಬೆಲೆ ಇಳಿದ್ರೆ ನಿಮ್ಮಮ್ಮ ಎಷ್ಟು ತರ್ತಾರೆ? ಎರಡು ಕೇಜಿ ಜಾಸ್ತಿನೇ ತರ್ತಾರೆ. ಉಪ್ಪಿನ ಬೆಲೆ ಇಳಿದ್ರೆ ಎರಡು ಕೇಜಿ ಉಪ್ಪು ಜಾಸ್ತಿ ತಿಂತೀರಾ?" ಮಕ್ಕಳು ನಗುತ್ತಿದ್ದರು. ನಗು ನಿಂತ ಮೇಲೆ, "ಈಗ ಅದನ್ನೇ ಇಂಗ್ಲಿಷಲ್ಲಿ ಹೇಳು" ಅನ್ನುತ್ತಿದ್ದರು. ತಪ್ಪೋ ಒಪ್ಪೋ, ಹೇಳುವ ತನಕ ಬಿಡುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು. ಕಾಲೇಜು ಯೂನಿವರ್ಸಿಟಿಯಾಯಿತು, ಎರಡು ಕಟ್ಟಡ ಐದಾದವು, ಗೇಟಿಗೆ ಬೆರಳೊತ್ತುವ ಮೆಷಿನ್ ಬಂತು, ಕ್ಲಾಸು ಮಾತ್ರ ನಿಲ್ಲಲಿಲ್ಲ. ಮೇಡಂ ವಿಭಾಗದ ಮುಖ್ಯಸ್ಥೆ, ಬೆಳಿಗ್ಗೆ ಕೊಠಡಿ ತೆರೆಯಲು ಅವರ ಸಹಿ ಸಾಕಾಗಿತ್ತು. ಆ ಸಹಿ ಎಷ್ಟು ಬೆಲೆಬಾಳುತ್ತದೆ ಅಂತ ನಮಗೆ ಆಗ ಗೊತ್ತಿರಲಿಲ್ಲ.

ಅವರು ಇರುವುದು ಶ್ರೀನಗರದ ಹಳೆಯ ಮನೆಯೊಂದರಲ್ಲಿ, ಅಕ್ಕ ಕಮಲಾದೇವಿಯವರ ಜೊತೆ. ಇಬ್ಬರೂ ಮದುವೆಯಾಗಲಿಲ್ಲ. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟು ಎರಡು ಬಸ್ಸು ಹಿಡಿದು ಬರುತ್ತಿದ್ದರು. ಹೊಗಳಿದರೆ ಸಾಕು, ಬಿಸಿ ಪಾತ್ರೆ ಮುಟ್ಟಿದವರ ಹಾಗೆ ಕೈ ಹಿಂದಕ್ಕೆಳೆದುಕೊಳ್ಳುವ ಜೀವ. ಮನೆಗೆ ಊಟಕ್ಕೆ ಕರೆದಾಗ "ಏನೂ ಮಾಡಿಲ್ಲ ಕಣ್ರಪ್ಪಾ, ಬರೀ ಅನ್ನ ಸಾರು" ಅನ್ನುತ್ತಾ ಕೋಸಂಬರಿಯಿಂದ ಹೋಳಿಗೆಯವರೆಗೆ ಬಡಿಸುತ್ತಿದ್ದರು. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರಲ್ಲ, ಹಾಗೆ. ತುಳುಕದೇ ಇದ್ದರೆ ಕೊಡ ಖಾಲಿ ಅಂತ ಲೆಕ್ಕ ಹಾಕುವ ಕಾಲ ಬರುತ್ತದೆಂದು ಗಾದೆ ಮಾಡಿದವರಿಗೆ ಹೊಳೆದಿರಲಿಲ್ಲ.

ಪೇಪರ್ ತಿದ್ದುವುದರಲ್ಲಿ ಮಾತ್ರ ಅವರು ಬಹಳ ಕಟ್ಟುನಿಟ್ಟು. ಯಾರಿಗೂ ಪೂರ್ತಿ ಅಂಕ ಕೊಟ್ಟವರಲ್ಲ. "ಐದಕ್ಕೆ ಐದು ಕೊಟ್ರೆ ಅವನು ಇನ್ನು ಕಲಿಯೋಕೆ ಏನು ಉಳೀತು?" ಅನ್ನುತ್ತಿದ್ದರು. ನಮ್ಮ ಲೆಕ್ಕದಲ್ಲಿ ನೂರಕ್ಕೆ ಅರವತ್ತು ಬಂದರೆ ಫಸ್ಟ್ ಕ್ಲಾಸು. ಅವರ ಕೈಯಿಂದ ಅರವತ್ತು ತೆಗೆದುಕೊಂಡ ಹುಡುಗ ಆ ದಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಬೋಂಡ ಕೊಡಿಸುತ್ತಿದ್ದ. ನಾನೂ ಒಮ್ಮೆ ಕೊಡಿಸಿದ್ದೇನೆ. ಮುಂದೆ ನಾನು ಅದೇ ವಿಭಾಗಕ್ಕೆ ಮೇಷ್ಟ್ರಾಗಿ ಬಂದಾಗ ಪೇಪರ್ ತಿದ್ದುವುದನ್ನು ಕಲಿತದ್ದೂ ಅವರ ಪಕ್ಕದಲ್ಲಿ ಕೂತೇ.

ಹೋದ ಜುಲೈಯಲ್ಲಿ ನಮ್ಮ ಯೂನಿವರ್ಸಿಟಿಗೆ ನಾಯಕತ್ವದ ತರಬೇತಿ ಬಂತು. ಮುಖ್ಯಸ್ಥರು, ಡೀನ್‌ಗಳು, ಪರೀಕ್ಷಾ ವಿಭಾಗದವರು ಎಲ್ಲರನ್ನೂ ದೊಡ್ಡ ಹಾಲಿನಲ್ಲಿ ಗುಂಡು ಮೇಜುಗಳ ಸುತ್ತ ಕೂರಿಸಿ ಎರಡು ದಿನ ಬಣ್ಣದ ಚೀಟಿ ಅಂಟಿಸಿದರು. ಕಂಪನಿಯಿಂದ ಬಂದ ಕೋಚ್ ಶ್ವೇತಾ, ಮೂವತ್ತರ ಒಳಗಿನ ಹುಡುಗಿ, ಒಳ್ಳೆಯವಳೇ. ಮೂರನೇ ದಿನ ನಮ್ಮಂಥವರ ಫೋನಿಗೆ ಒಂದು ಫಾರಂ ಬಂತು. ನಿಮ್ಮ ಮುಖ್ಯಸ್ಥರು ಸ್ಫೂರ್ತಿ ತುಂಬುತ್ತಾರೆಯೇ, ಅವರಿಗೆ ದೂರದೃಷ್ಟಿ ಇದೆಯೇ, ಬದಲಾವಣೆಗೆ ಸಿದ್ಧರಿದ್ದಾರೆಯೇ ಅಂತ ಇಪ್ಪತ್ತೈದು ಪ್ರಶ್ನೆ, ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಹೆಸರು ಹಾಕುವಂತಿಲ್ಲ. ಮುಖ್ಯಸ್ಥರು ತಮಗೆ ತಾವೂ ಅಂಕ ಕೊಟ್ಟುಕೊಳ್ಳಬೇಕು, ಸರಾಸರಿಗೆ ಅದೂ ಸೇರುತ್ತದೆ.

ನಮ್ಮ ವಿಭಾಗದಲ್ಲಿ ಮೇಡಂ ಬಿಟ್ಟು ಆರು ಜನ. ಮಧ್ಯಾಹ್ನ ಡಬ್ಬಿ ತೆರೆದು ಕೂತಿದ್ದಾಗ ಮೇಡಂ ಬಾಗಿಲಲ್ಲಿ ನಿಂತರು. "ನೋಡಿ, ನನ್ನ ಮುಖ ನೋಡಿ ಹಾಕ್ಬೇಡಿ. ಪೇಪರ್ ತಿದ್ದೋ ಹಾಗೆ ತಿದ್ದಿ. ಆಮೇಲೆ ಇವಳೇ ಹೇಳಿ ಹಾಕಿಸ್ಕೊಂಡ್ಳು ಅಂತ ಜನ ಅನ್ಬಾರ್ದು." ಅಷ್ಟು ಹೇಳಿ ಹೋದರು.

ಗುರುಸಿದ್ದ ಸಾರ್ ಬಾಗಲಕೋಟೆ ಕಡೆಯವರು, ಬಿಟಿಎಂನಲ್ಲಿ ಬಾಡಿಗೆಗಿದ್ದಾರೆ. ರೊಟ್ಟಿ ಮುರಿಯುತ್ತಾ ನನ್ನ ಕಡೆ ನೋಡಿದರು. "ಅಲ್ರೀ ರವಿ, ಎಷ್ಟು ಹಾಕೋಣು?"

"ಫಸ್ಟ್ ಕ್ಲಾಸ್ ಕೊಡಿ ಸಾರ್. ಅರವತ್ತು ಪರ್ಸೆಂಟು. ಅಂದ್ರೆ ಐದಕ್ಕೆ ಮೂರು."

"ಕಮ್ಮಿ ಆಗಂಗಿಲ್ಲೇನ್ರಿ?"

"ಮೇಡಂ ಯಾರಿಗಾದ್ರೂ ಅದಕ್ಕಿಂತ ಜಾಸ್ತಿ ಕೊಟ್ಟಿದಾರಾ? ಐದು ಹಾಕಿದ್ರೆ ಅವರಿಗೇ ಬೇಜಾರಾಗುತ್ತೆ."

ಎಲ್ಲರೂ ನಕ್ಕರು, ಎಲ್ಲರೂ ಮೂರು ಒತ್ತಿದರು. ಪ್ರೀತಿ ಉಕ್ಕಿ ಬಂದ ಒಂದೆರಡು ಕಡೆ ನಾಲ್ಕು. ಮೇಡಂ ತಮಗೆ ತಾವು ಎಲ್ಲದಕ್ಕೂ ಎರಡು ಕೊಟ್ಟುಕೊಂಡರು ಅಂತ ಆಮೇಲೆ ತಿಳಿಯಿತು. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದು ಅವರ ಪ್ರಕಾರ ಹುಚ್ಚರ ಕೆಲಸ. ಅದೇ ಹೊತ್ತಿಗೆ ಎದುರಿನ ಕಟ್ಟಡದಲ್ಲಿ ಮ್ಯಾನೇಜ್‌ಮೆಂಟ್ ವಿಭಾಗದ ಮುಖ್ಯಸ್ಥ ನಂದಕುಮಾರ್ ಸಾರ್ ತಮ್ಮವರಿಗೆಲ್ಲ ಬಿರಿಯಾನಿ ತರಿಸಿ, ಊಟ ಮುಗಿದ ಮೇಲೆ ತಾವೇ ನಿಂತು ಫಾರಂ ತುಂಬಿಸುತ್ತಿದ್ದರು. ಅವರಿಗೆ ಲೋಕ ಗೊತ್ತು.

ಆಗಸ್ಟಿನಲ್ಲಿ ರಿಪೋರ್ಟ್ ಬಂತು. ನಾಲ್ಕರ ಮೇಲೆ ಬಂದವರ ಹೆಸರು ಹಸಿರು, ಕೆಳಗಿನವರದು ಕೆಂಪು. ಹದಿನಾಲ್ಕು ವಿಭಾಗದಲ್ಲಿ ಕೆಂಪು ಒಂದೇ ಒಂದು. ನಂದಕುಮಾರ್ ಸಾರ್‌ಗೆ ನಾಲ್ಕು ಪಾಯಿಂಟ್ ಒಂಬತ್ತು, ನಮ್ಮ ಮೇಡಂಗೆ ಎರಡು ಪಾಯಿಂಟ್ ಒಂಬತ್ತು. ಡೀನ್ ಸಾಹೇಬರು ಮೇಡಂ ಅವರನ್ನು ಕರೆಸಿ, "ಇದು ಶಿಕ್ಷೆ ಅಲ್ಲ ಮೇಡಂ, ಅವಕಾಶ" ಅಂದರಂತೆ. ಆರು ತಿಂಗಳು ಶ್ವೇತಾ ಅವರ ಹತ್ತಿರ ಕೋಚಿಂಗ್. ಅಲ್ಲಿಯವರೆಗೆ ನಮ್ಮ ವಿಭಾಗದ ಹೊಣೆ ನಂದಕುಮಾರ್ ಸಾರ್‌ಗೆ. ಜನವರಿಯಲ್ಲಿ ಮತ್ತೆ ಅದೇ ಫಾರಂ, ಆಮೇಲೆ ತೀರ್ಮಾನ.

ನಂದಕುಮಾರ್ ಸಾರ್ ಮೊದಲ ವಾರವೇ ಟೈಮ್‌ಟೇಬಲ್ ತರಿಸಿಕೊಂಡು ಏಳೂಮುಕ್ಕಾಲರ ಕ್ಲಾಸಿನ ಮೇಲೆ ಗೆರೆ ಎಳೆದರು. "ಇದು ವರ್ಕ್‌ಲೋಡಲ್ಲೇ ಇಲ್ವಲ್ಲ. ಬೆಳಿಗ್ಗೆ ರೂಮ್ ತೆಗೆಯೋಕೆ ಸೆಕ್ಯುರಿಟಿ, ಲೈಟು, ಫ್ಯಾನು. ಜನವರಿ ಆಗ್ಲಿ, ನೋಡೋಣ." ಆಗ ಆ ಕ್ಲಾಸಿನಲ್ಲಿ ಇಪ್ಪತ್ತಾರು ಮಕ್ಕಳಿದ್ದರು.

ಅವರಲ್ಲಿ ಪ್ರಿಯಾಂಕಾ ಒಬ್ಬಳು. ಯಾದಗಿರಿ ಕಡೆಯ ಹುಡುಗಿ. ಅವಳಪ್ಪ ಮರೆಪ್ಪ ಬಿಟಿಎಂನಲ್ಲಿ ಒಂದು ಅಪಾರ್ಟ್‌ಮೆಂಟಿನ ವಾಚ್‌ಮನ್, ಸಂಸಾರವೆಲ್ಲ ಅಲ್ಲೇ ನೀರಿನ ಪಂಪಿನ ಪಕ್ಕದ ಕೋಣೆಯಲ್ಲಿ. ಕ್ಲಾಸು ನಿಂತ ಮಾರನೇ ದಿನವೂ ಅವಳು ಏಳೂಮುಕ್ಕಾಲಿಗೆ ಬಂದು ಗೇಟಿನ ಹೊರಗೆ ನಿಂತಿದ್ದಳು. "ಸಾರ್, ಮೇಡಂ ಯಾವಾಗ ಶುರು ಮಾಡ್ತಾರ್ರಿ?" ಅಂದಳು. ಜನವರಿ ಅಂದೆ. "ಪರೀಕ್ಷೆ ಡಿಸೆಂಬರಿಗೇ ಐತಲ್ರಿ" ಅಂದಳು.

ನಾನು ಶ್ವೇತಾ ಹತ್ತಿರ ಹೋದೆ. ನಡೆದದ್ದೆಲ್ಲ ಹೇಳಿದೆ. ಅರವತ್ತು ಅಂದರೆ ಫಸ್ಟ್ ಕ್ಲಾಸು, ನಮ್ಮ ಮೂರು ಅಂದರೆ ಬೇರೆಯವರ ಐದು, ನಾನೇ ಎಲ್ಲರಿಗೂ ಹೇಳಿಕೊಟ್ಟದ್ದು. ಅವಳು ಪೂರ್ತಿ ಕೇಳಿದಳು. ಅವಳ ಮುಖ ಸಪ್ಪಗಾಯಿತು.

"ಸಾರ್, ನನಗೆ ಅರ್ಥ ಆಗ್ತಿದೆ. ಆದ್ರೆ ನಾನೇನೂ ಮಾಡೋಕಾಗಲ್ಲ."

"ನನ್ನ ಫಾರಂ ವಾಪಸ್ ಕೊಡಿ ಮೇಡಂ, ಬೇರೆ ತುಂಬಿಕೊಡ್ತೀನಿ."

"ಯಾವುದು ನಿಮ್ಮದು ಅಂತ ನಮಗೇ ಗೊತ್ತಿಲ್ವಲ್ಲ ಸಾರ್. ಹೆಸರಿಲ್ಲ. ನಿಮಗೆ ತೊಂದರೆ ಆಗಬಾರದು ಅಂತಲೇ ಹಾಗೆ ಮಾಡಿರೋದು."

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನನ್ನ ಒಳ್ಳೆಯದಕ್ಕೆ ಅಂತ ಹಾಕಿದ ಬೀಗದ ಒಳಗೆ ನನ್ನ ತಪ್ಪು ಭದ್ರವಾಗಿ ಕೂತಿತ್ತು.

ಆರೂ ಜನ ಸೇರಿ ಡೀನ್ ಸಾಹೇಬರಿಗೆ ಪತ್ರ ಬರೆದೆವು. ನಮ್ಮ ಮುಖ್ಯಸ್ಥರ ಬಗ್ಗೆ ನಮಗೆ ಪೂರ್ಣ ತೃಪ್ತಿಯಿದೆ, ಅಂಕ ಕೊಡುವಾಗ ತಪ್ಪು ತಿಳಿದೆವು ಅಂತ. ಸಾಹೇಬರು ಓದಿ ಕನ್ನಡಕ ತೆಗೆದರು. "ಹೆಸರಿಲ್ಲದೆ ಬರೆದಾಗ ಮೂರು. ಹೆಸರು ಹಾಕಿ ಬರೆದಾಗ ಐದು. ನಾನು ಯಾವುದನ್ನ ನಂಬ್ಲಿ ನೀವೇ ಹೇಳಿ?" ಪತ್ರವನ್ನು ನಮ್ಮ ಕಡೆಗೆ ತಳ್ಳಿದರು. "ಈ ಪತ್ರ ಯಾರು ಬರೆಸಿದ್ದು ಅಂತ ನಾನು ಕೇಳಲ್ಲ. ಇದರಿಂದ ಮೇಡಂಗೇ ತೊಂದರೆ. ತಗೊಂಡು ಹೋಗಿ." ಗುರುಸಿದ್ದ ಸಾರ್ ಪತ್ರ ಮಡಚಿ ಜೇಬಿಗಿಟ್ಟುಕೊಂಡರು. ಮೆಟ್ಟಿಲಿಳಿಯುವಾಗ, "ನಮ್ಮ ಕಡೆ ಇದಕ್ಕ ಏನಂತಾರ ಗೊತ್ತೇನ್ರಿ, ಹೇಳಂಗಿಲ್ಲ ಬಿಡಂಗಿಲ್ಲ ಅಂತಾರ" ಅಂದರು.

ಆ ಭಾನುವಾರ ಶ್ರೀನಗರಕ್ಕೆ ಹೋದೆ. ಕಮಲಾದೇವಿಯವರು ಬಾಗಿಲು ತೆಗೆದು, ಕಾಫಿಗೆ ಹಾಲಿಡಲು ಒಳಗೆ ಹೋದರು. ಮೇಡಂ ಹಾಲಿನಲ್ಲಿ ಪೇಪರ್ ತಿದ್ದುತ್ತಾ ಕೂತಿದ್ದರು. ನಾನು ನಿಂತುಕೊಂಡೇ ಹೇಳಿದೆ.

"ಮೇಡಂ, ಮೂರು ಹಾಕಿದ್ದು ನಾನು. ಎಲ್ರಿಗೂ ಹಾಕೋಕೆ ಹೇಳಿದ್ದೂ ನಾನೇ."

ಅವರು ಪೆನ್ನಿನ ಕ್ಯಾಪ್ ಮುಚ್ಚಿದರು. "ಮೂರು ಕೊಟ್ಯಾ? ಎರಡೂವರೆ ಕೊಡ್ತೀಯ ಅಂದ್ಕೊಂಡಿದ್ದೆ ಕಣೋ."

"ತಮಾಷೆ ಮಾಡ್ಬೇಡಿ ಮೇಡಂ."

"ತಮಾಷೆ ಅಲ್ಲ. ನನಗೆ ನಿಜವಾಗ್ಲೂ ಸಂತೋಷ ಆಯ್ತು. ಫಸ್ಟ್ ಕ್ಲಾಸ್ ಅಲ್ವಾ?" ಅಂದು ನನ್ನ ಮುಖ ನೋಡಿದರು. ಮರುಕ್ಷಣ ಅವರ ದನಿ ಬದಲಾಯಿತು. "ಕುರ್ಚಿ ಹೋದ್ರೆ ಹೋಗ್ಲಿ ರವಿ. ನಾನೇನು ಹೊತ್ಕೊಂಡು ಹೋಗ್ತೀನಾ? ಆದ್ರೆ ಆ ಇಪ್ಪತ್ತಾರು ಮಕ್ಕಳು."

ಕಾಫಿ ಬಂತು. ಕುಡಿದು ಎದ್ದೆ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಕ್ಲಾಸನ್ನು ಬೇರೆ ಕಡೆ ನಡೆಸಿದರಾಯಿತು ಅಂತ ನಾನೂ ಯೋಚಿಸಿದೆ. ಅರೆಕೆರೆಯ ನಮ್ಮ ಮನೆಯ ತಾರಸಿಯಲ್ಲಿ ಜಮಖಾನ ಹಾಸಿದೆ. ಮೊದಲ ದಿನ ಹನ್ನೊಂದು ಮಕ್ಕಳು ಬಂದರು. ಕ್ಲಾಸು ಮುಗಿಸಿ ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಎಂಟೂವರೆಯ ಹಾಜರಿ ಕಳೆದುಕೊಂಡರು. ಎರಡನೇ ವಾರಕ್ಕೆ ಮೂರು ಜನ ಉಳಿದರು. ಮೇಡಂ ಶ್ರೀನಗರದಿಂದ ಐದೂಮುಕ್ಕಾಲಿಗೆ ಹೊರಟು ಮೂರು ಬಸ್ಸು ಹತ್ತಿ ಬರುತ್ತಿದ್ದರು. ನಾಲ್ಕನೇ ವಾರ ಅವರ ಮೊಣಕಾಲು ಊದಿತು, ನಾನೇ ಬೇಡ ಅಂದೆ. ಕಾಲೇಜಿನ ಮೆಟ್ಟಿಲ ಕೆಳಗೂ ಒಂದು ದಿನ ಕೂತು ನೋಡಿದರು. ಸೆಕ್ಯುರಿಟಿಯವನು ಕೈ ಮುಗಿದು, "ಮೇಡಂ, ಎಚ್‌ಓಡಿ ಸಾರ್ ಲೆಟರ್ ಬೇಕು, ನನ್ನ ಕೆಲಸ ಹೋಗುತ್ತೆ" ಅಂದ. ಅವನೂ ಏನು ಮಾಡಿಯಾನು?

ಮೇಡಂ ಲೆಟರ್ ಕೇಳಲೂ ಹೋದರು. ಇಪ್ಪತ್ತೆರಡು ವರ್ಷ ಅಂಥ ಅರ್ಜಿಗಳಿಗೆ ಸಹಿ ಹಾಕಿದವರು, ತಮ್ಮ ಕೈಯಾರೆ ಅರ್ಜಿ ಬರೆದುಕೊಂಡು ನಂದಕುಮಾರ್ ಸಾರ್ ಕೋಣೆಯ ಹೊರಗೆ ಮುಕ್ಕಾಲು ಗಂಟೆ ನಿಂತರು. ನಾನು ಕುರ್ಚಿ ತಂದುಕೊಟ್ಟರೆ ಬೇಡ ಅಂದರು. ಸಾರ್ ಬಹಳ ಮರ್ಯಾದೆಯಿಂದಲೇ ಮಾತಾಡಿದರಂತೆ. ಜನವರಿ ಅಂದರಂತೆ.

ವಾರಕ್ಕೊಮ್ಮೆ ಕೋಚಿಂಗ್ ನಡೆಯಿತು. ಒಂದು ದಿನ ಶ್ವೇತಾ, "ನಿಮ್ಮ ಬಗ್ಗೆ ನಿಮಗೆ ಹೆಮ್ಮೆ ಇರೋ ಮೂರು ವಿಷಯ ಬರೀರಿ" ಅಂತ ಹಾಳೆ ಕೊಟ್ಟಳಂತೆ. ಮೇಡಂ ಅರ್ಧ ಗಂಟೆ ಕೂತು ಮೂವರು ಹಳೆಯ ವಿದ್ಯಾರ್ಥಿಗಳ ಹೆಸರು ಬರೆದರು. "ಇದಲ್ಲ ಮೇಡಂ, ನಿಮ್ಮ ಬಗ್ಗೆ" ಅಂದರೆ, "ನನ್ನ ಬಗ್ಗೆನೇ ಅಲ್ವೇನಮ್ಮಾ ಇದು?" ಅಂದರಂತೆ. ಇದನ್ನು ನನಗೆ ಹೇಳಿದ್ದು ಶ್ವೇತಾನೇ. ಹೇಳುವಾಗ ಅವಳ ಕಣ್ಣು ಒದ್ದೆಯಾಗಿತ್ತು. ಆ ಮೂರು ಹೆಸರಲ್ಲಿ ಒಂದು ನನ್ನದು.

ಡಿಸೆಂಬರಿನಲ್ಲಿ ಪರೀಕ್ಷೆಯಾಯಿತು. ಜನವರಿಯಲ್ಲಿ ಮೇಡಂ ಬಗ್ಗೆ ಫಾರಂ ಮತ್ತೆ ಬಂತು; ಕುರ್ಚಿಯಲ್ಲಿ ಇಲ್ಲದ್ದರಿಂದ ಅವರು ತಮಗೆ ತಾವು ಅಂಕ ಕೊಟ್ಟುಕೊಳ್ಳುವಂತಿರಲಿಲ್ಲ. ಈ ಸಲ ಆರೂ ಜನ ಒಂದೇ ಮೇಜಿನ ಸುತ್ತ ಕೂತು, ಒಬ್ಬರ ಫೋನು ಒಬ್ಬರು ನೋಡಿಕೊಂಡು, ಇಪ್ಪತ್ತೈದಕ್ಕೆ ಇಪ್ಪತ್ತೈದೂ ಐದು ಒತ್ತಿದೆವು. ದೇವರಿಗೆ ಹರಕೆ ತೀರಿಸಿದ ಹಾಗಾಯಿತು. ಶ್ವೇತಾ ಕೆಲಸ ಹೇಗಿತ್ತು ಅಂತ ಮೇಡಂಗೂ ಒಂದು ಫಾರಂ ಬಂದಿತ್ತು. "ಆ ಹುಡುಗೀದು ಇನ್ನೂ ಪ್ರೊಬೇಷನ್ ಅಂತೆ ಕಣೋ, ಇದರ ಮೇಲೇ ಕನ್‌ಫರ್ಮ್ ಆಗೋದಂತೆ" ಅಂದು ಅವಳಿಗೆ ನಾಲ್ಕು ಕೊಟ್ಟರು. ಅವರ ಜೀವಮಾನದಲ್ಲೇ ಅದು ದೊಡ್ಡ ಅಂಕ.

ಫೆಬ್ರವರಿಯ ಮೊದಲ ಸೋಮವಾರ ಡೀನ್ ಸಾಹೇಬರು ನಮ್ಮನ್ನೆಲ್ಲ ಕರೆದರು. ಮೇಡಂ ಮುಂದಿನ ಸಾಲಿನಲ್ಲಿ ಕೂತಿದ್ದರು. ಗೋಡೆಯ ಪರದೆಯ ಮೇಲೆ ಗ್ರಾಫಿನ ಎರಡು ಕಂಬ, ಒಂದು ಗಿಡ್ಡ ಕೆಂಪು, ಒಂದು ಎತ್ತರದ ಹಸಿರು. ಎರಡು ಪಾಯಿಂಟ್ ಒಂಬತ್ತರಿಂದ ಐದಕ್ಕೆ. ಇಡೀ ಯೂನಿವರ್ಸಿಟಿಯಲ್ಲಿ ಇಂಥ ಏರಿಕೆ ಇನ್ನೊಂದಿಲ್ಲ ಅಂದರು. ನಾನು ಗುರುಸಿದ್ದ ಸಾರ್ ಕೈ ಹಿಡಿದುಕೊಂಡೆ.

"ಹೋದ ಜುಲೈಯಲ್ಲಿ ಮೇಡಂ ಎಚ್‌ಓಡಿ ಆಗಿದ್ದಾಗ ನೀವು ಎರಡು ಪಾಯಿಂಟ್ ಒಂಬತ್ತು ಕೊಟ್ರಿ. ಹೊಣೆ ಇಳಿಸಿ ಆರು ತಿಂಗಳಿಗೆ ಐದು ಕೊಟ್ಟಿದೀರಿ. ಮೇಡಂ ಇಷ್ಟು ಅರಳಿರೋದು ಯಾವಾಗ? ಆಡಳಿತದ ಭಾರ ಇಲ್ಲದೇ ಇದ್ದಾಗ. ಹಾಗಾಗಿ ಈಗಿನ ವ್ಯವಸ್ಥೆಯನ್ನೇ ಮುಂದುವರಿಸೋದು ಎಲ್ಲರಿಗೂ ಒಳ್ಳೇದು." ಸಾಹೇಬರು ಚಪ್ಪಾಳೆ ತಟ್ಟಿದರು. ನಂದಕುಮಾರ್ ಸಾರ್ ತಟ್ಟಿದರು. ನಾವೂ ತಟ್ಟಿದೆವು, ತಟ್ಟದೇ ಇರುವುದು ಹೇಗೆ ಅಂತ ತಿಳಿಯದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂತ ಗಾದೆ. ನಾವು ಆನೆ ಕೊಟ್ಟೆವು, ಆನೆ ಹೋಗಿ ಅವರನ್ನೇ ತುಳಿಯಿತು.

ಹೊರಗೆ ಬಂದಾಗ ಮೇಡಂ ನನ್ನನ್ನು ವರಾಂಡದ ಕಂಬದ ಹತ್ತಿರ ನಿಲ್ಲಿಸಿದರು. "ಐದಕ್ಕೆ ಐದು ಯಾಕೋ ಕೊಟ್ರಿ? ಯಾರಿಗೂ ಕೊಡಬಾರದು ಅಂತ ಎಷ್ಟು ಸಲ ಹೇಳಿದ್ದೆ?" ಅಂದರು. ಸಿಟ್ಟಿನಲ್ಲಿ ಅಲ್ಲ. ಪೇಪರಿನಲ್ಲಿ ಕೂಡುವ ಲೆಕ್ಕ ತಪ್ಪಿದಾಗ ಹೇಳುತ್ತಿದ್ದ ಹಾಗೆಯೇ.

ಆ ವಾರವೇ ಫಲಿತಾಂಶ ಬಂತು. ಇಪ್ಪತ್ತಾರರಲ್ಲಿ ಹದಿನೇಳು ಮಕ್ಕಳು ಅರ್ಥಶಾಸ್ತ್ರದಲ್ಲಿ ಫೇಲು. ಪ್ರಿಯಾಂಕಾ ನೂರಕ್ಕೆ ಇಪ್ಪತ್ತೊಂದು. ಮರೆಪ್ಪ ಮಗಳನ್ನು ಕರೆದುಕೊಂಡು ಬಂದಿದ್ದ, ವಾಚ್‌ಮನ್ ಅಂಗಿಯಲ್ಲೇ. "ಮೇಡಂ, ಈಕಿ ದಡ್ಡಿ ಏನ್ರಿ? ಹಂಗಿದ್ರ ಹೇಳಿಬಿಡ್ರಿ, ಎಲ್ಲೆರೆ ಕೆಲಸಕ್ಕ ಹಾಕ್ತೀನಿ" ಅಂದ. ಮೇಡಂ, "ದಡ್ಡಿ ಅಲ್ಲಪ್ಪ, ತಪ್ಪು ನಮ್ಮದು" ಅಂದರು. ಅವನಿಗೆ ಅರ್ಥವಾಗಲಿಲ್ಲ. ಹೇಗೆ ಆಗಬೇಕು? ಮಾರ್ಚಿನಿಂದ ಪ್ರಿಯಾಂಕಾ ಬರಲಿಲ್ಲ. ಬಿಟಿಎಂನಲ್ಲಿ ಯಾವುದೋ ಪಿ.ಜಿ.ಯ ಅಡುಗೆಮನೆಯಲ್ಲಿದ್ದಾಳೆ ಅಂತ ಗುರುಸಿದ್ದ ಸಾರ್ ಹೇಳಿದರು.

ಏಪ್ರಿಲ್‌ನಲ್ಲಿ ಫಾರಂ ಮೂರನೇ ಸಲ ಬಂತು, ಈ ಸಲ ನಂದಕುಮಾರ್ ಸಾರ್ ಬಗ್ಗೆ. ಈಗ ಮೇಡಂ ಕೂಡ ನಮ್ಮ ಹಾಗೆ ತುಂಬುವವರು. ನಮ್ಮ ವಿಭಾಗದಿಂದ ಮತ್ತೆ ಕಡಿಮೆ ಬಂದರೆ ವಿಭಾಗವನ್ನೇ ಮುಚ್ಚಿ ಮ್ಯಾನೇಜ್‌ಮೆಂಟ್‌ಗೆ ಸೇರಿಸುತ್ತಾರೆ, ಕೊನೆಗೆ ಸೇರಿದ ಮೂವರನ್ನು ಕಳಿಸುತ್ತಾರೆ ಅಂತ ಮಾತಿತ್ತು. ಕೊನೆಗೆ ಸೇರಿದ ಮೂವರಲ್ಲಿ ನಾನೂ ಒಬ್ಬ. ಹೆಸರಿಲ್ಲದ ಫಾರಂ, ಯಾರಿಗೂ ಗೊತ್ತಾಗುವುದಿಲ್ಲ. ಈ ಮನುಷ್ಯನಿಗೆ ಒಂದು ಕೊಡಬೇಕು ಅಂತ ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಸ್ಟಾಫ್ ರೂಮಿನಲ್ಲಿ ಎಲ್ಲರ ಕೈಯಲ್ಲೂ ಫೋನಿತ್ತು.

ಮೇಡಂ ಕನ್ನಡಕ ಹಾಕಿಕೊಂಡು ಫೋನನ್ನು ಬೆಳಕಿಗೆ ಹಿಡಿದರು. "ಎಲ್ಲಾದಕ್ಕೂ ಐದೇ ಹಾಕಿಬಿಡ್ರಪ್ಪಾ" ಅಂದರು.

"ಮೇಡಂ!" ಅಂದೆ.

"ನಿನಗೆ ಕೆಲಸ ಬೇಕು ರವಿ. ಹಾಕು."

ಅವರ ಹೆಬ್ಬೆರಳು ನಿಧಾನವಾಗಿ ಕೆಳಗಿಳಿಯುತ್ತಾ ಹೋಯಿತು. ಪಾಠ ಹೇಳಿದ ಮೂವತ್ತು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಗೂ ಕೊಡದ ಅಂಕವನ್ನು ಇಪ್ಪತ್ತೈದು ಸಲ ಒತ್ತಿದರು. ನನಗೆ ಅಳು ಬಂತು. ಅಳುತ್ತಲೇ ನಾನೂ ಒತ್ತಿದೆ.